ಪಿನ್ ಕೂತರೆ ಸಾಲದು

ತಂಗಿ ಮೊದಲ ಸಂಬಳದಲ್ಲಿ ಒಂದು ಮಾನಿಟರ್ ತಗೊಂಡಿದ್ದಳು. ಅದನ್ನ ಸುಟ್ಟವನು ನಾನು. ಅದರ ಅಡಾಪ್ಟರ್ ಕೆಟ್ಟಿತ್ತು, ಹಳೇ ಪ್ರಿಂಟರಿನ ಅಡಾಪ್ಟರ್ ಪಿನ್ ಸರಿಯಾಗಿ ಕೂತಿತು, ಸ್ವಿಚ್ ಹಾಕಿದೆ. ಮಾನಿಟರಿಗೆ ಬೇಕಿದ್ದದ್ದು 19 ವೋಲ್ಟ್, ನಾನು ಕೊಟ್ಟದ್ದು 24. ಮೂಗಿಗೆ ಸುಟ್ಟ ವಾಸನೆ ಬಂದಾಗಲೇ ಲೇಬಲ್ ಓದಿದ್ದು.

ಒಂದೇ ತೂತಿಗೆ ಹತ್ತು ಥರದ ವೋಲ್ಟೇಜ್ ಯಾಕೆ? ಉತ್ತರಕ್ಕೆ 1882ಕ್ಕೆ ಹೋಗಬೇಕು. ಆ ವರ್ಷ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ಎಡಿಸನ್ ಶುರು ಮಾಡಿದ ವಿದ್ಯುತ್ ಕೇಂದ್ರ ಕೊಡುತ್ತಿದ್ದದ್ದು ಡಿಸಿ. ಅದನ್ನ ದೂರ ಕಳಿಸೋಕೆ ಆಗುತ್ತಿರಲಿಲ್ಲ. ಎಸಿಯನ್ನಾದರೆ ಟ್ರಾನ್ಸ್‌ಫಾರ್ಮರ್‌ನಿಂದ ಏರಿಸಿ, ದೂರ ಸಾಗಿಸಿ, ಮತ್ತೆ ಇಳಿಸಬಹುದಿತ್ತು. 1896ರಲ್ಲಿ ನಯಾಗರಾದ ಕರೆಂಟು ಬಫಲೋ ಊರಿಗೆ ಹೋಯಿತು. ನಮ್ಮಲ್ಲೂ ಅಷ್ಟೇ: 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಕ್ಕೆ. ಗೋಡೆಯ ಜಗಳದಲ್ಲಿ ಎಸಿ ಗೆದ್ದಿತು.

ಆದರೆ ಎಲೆಕ್ಟ್ರಾನಿಕ್ಸ್‌ಗೆ ಒಳಗೆ ಬೇಕಾದದ್ದು ಡಿಸಿಯೇ. ಹೀಗಾಗಿ ಸೋತ ಎಡಿಸನ್ ನಮ್ಮ ಮೇಜಿನ ಕೆಳಗೆ ಕಪ್ಪು ಡಬ್ಬಿಯಾಗಿ ಕೂತಿದ್ದಾನೆ ಅನ್ನಬಹುದು. ಮೊದಲಿನ ಅಡಾಪ್ಟರ್‌ಗಳು ತಾಮ್ರ, ಕಬ್ಬಿಣದ ಭಾರದ ಗಂಟುಗಳು. ಆಮೇಲೆ ಹಗುರವಾದ ಸ್ವಿಚಿಂಗ್ ಸಪ್ಲೈ ಬಂತು. 1977ರ ಆಪಲ್ 2 ಕಂಪ್ಯೂಟರಿನಲ್ಲೂ ಅದೇ ಇತ್ತು. ಇವತ್ತು ಬಹುತೇಕ ಅಡಾಪ್ಟರ್‌ಗಳ ಮೇಲೆ '100-240 ವೋಲ್ಟ್, 50-60 ಹರ್ಟ್ಸ್' ಅಂತಿರುತ್ತೆ. ಅಂದರೆ ಗೋಡೆಯ ಕಡೆ ಎಲ್ಲ ದೇಶಕ್ಕೂ ಹೊಂದಿಕೊಳ್ಳುತ್ತೆ. ಇನ್ನೊಂದು ತುದಿಯಲ್ಲಿ ಮಾತ್ರ ಆ ಒಪ್ಪಂದ ಇಲ್ಲ. 5.5 ಮಿಲಿಮೀಟರಿನ ಅದೇ ದುಂಡು ಪಿನ್ನಿನಲ್ಲಿ 12 ಬರಬಹುದು, 19 ಬರಬಹುದು, 24ಉ ಬರಬಹುದು.

ಹಾಗಾಗಿ ಹೊಸದು ತಗೊಳ್ಳುವಾಗ ಮಾನಿಟರಿನ ಬೆನ್ನಿನ ಲೇಬಲ್ ಫೋಟೋ ತೆಗೆದುಕೊಂಡು ಹೋಗಿ. ವೋಲ್ಟ್ ಅಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಇರಲಿ ಇಲ್ಲವೇ ಜಾಸ್ತಿ ಇರಲಿ. ಟ್ಯಾಂಕ್ ದೊಡ್ಡದಾದರೆ ನಲ್ಲಿ ಒಡೆಯಲ್ಲ, ಮಾನಿಟರ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತೆ. ಕಮ್ಮಿಯಾದರೆ ಅಡಾಪ್ಟರ್ ಕಾಯುತ್ತೆ. ನಡುವಿನ ಚುಕ್ಕೆ ಪ್ಲಸ್ಸೋ ಮೈನಸ್ಸೋ ಅನ್ನೋ ಚಿತ್ರ ಎರಡರಲ್ಲೂ ಒಂದೇ ಇರಬೇಕು. ಪಿನ್ನಿನ ಒಳತೂತನ್ನೂ ನೋಡಿ: 2.1 ಮತ್ತು 2.5 ಮಿಲಿಮೀಟರ್ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಬಿಐಎಸ್ ಗುರುತು ಇಲ್ಲದ್ದನ್ನ ಅಲ್ಲೇ ಬಿಟ್ಟು ಬನ್ನಿ.

ಯುಎಸ್‌ಬಿ-ಸಿ ಈ ಗೊಂದಲವನ್ನ ಬೇರೆ ರೀತಿಯಲ್ಲಿ ಬಿಡಿಸಿದೆ. ಚಾರ್ಜರ್ ಮೊದಲು 5 ವೋಲ್ಟ್ ಮಾತ್ರ ಕೊಡುತ್ತೆ. ಸಾಧನ ಕೇಳಿದರೆ ಮಾತ್ರ ಏರಿಸುತ್ತೆ. 2021ರಿಂದ ಅದರ ಮಿತಿ 240 ವಾಟ್. ದುಂಡು ಪಿನ್ನಿಗೆ ಕೇಳುವ ಬಾಯಿಲ್ಲ, ನಾವೇ ಓದಬೇಕು.

ಮೊನ್ನೆ ನನ್ನ ಮಾನಿಟರಿನ ಅಡಾಪ್ಟರೂ ಹೋಯಿತು. ಎಸ್‌ಪಿ ರೋಡಿನ ಅಂಗಡಿಯಲ್ಲಿ ನಿಂತು ತಂಗಿಗೆ ಫೋನ್ ಮಾಡಿದೆ. ಅವಳು ಕೇಳಿದ್ದು ಒಂದೇ: "ಅಣ್ಣಾ, ಈ ಸಲ ಲೇಬಲ್ ಓದಿದ್ಯಾ?"