ಹಳೆಯ ಕಾರಿನ ಟಾಪಿನ ಬಣ್ಣ

ಕಾರಿನ ಟಾಪಿಗೆ ಯಾವ ಬಣ್ಣ, ಎಂಥ ಹೊಳಪು ಎಂಬ ಪ್ರಶ್ನೆ ಕಾರಿನಷ್ಟು ಹಳೆಯದಲ್ಲ. 1930ರ ದಶಕದ ನಡುವಿನವರೆಗೆ ಬಹಳಷ್ಟು ಕಾರುಗಳ ನೆತ್ತಿಯ ಮೇಲಿದ್ದದ್ದು ಮರದ ಚೌಕಟ್ಟಿಗೆ ಬಿಗಿದ ಬಟ್ಟೆ. ಜನರಲ್ ಮೋಟಾರ್ಸ್ 1935ರ ಮಾದರಿಗಳಲ್ಲಿ ಉಕ್ಕಿನ ಹಾಳೆಯನ್ನೇ ಒತ್ತಿ ಮಾಡಿದ ಟಾಪನ್ನು ತಂದಿತು. ಅದಕ್ಕೂ ಮೊದಲೇ, 1923ರಲ್ಲಿ, ಡುಪಾಂಟ್ ಕಂಪನಿಯ ಡ್ಯೂಕೊ ಲ್ಯಾಕರ್ ಬಂದಿತ್ತು; ಕುಂಚದ ವಾರ್ನಿಷ್ ಒಣಗಲು ವಾರಗಟ್ಟಲೆ ಕಾಯುವ ಕಾಟ ಅದರಿಂದ ತಪ್ಪಿತು. ನಮ್ಮ ಗ್ಯಾರೇಜುಗಳಲ್ಲಿ ‘ಡ್ಯೂಕೊ ಹೊಡೆಯೋದು’ ಎಂಬ ಮಾತು ಇನ್ನೂ ಉಳಿದಿದೆ. ಉಕ್ಕಿನ ಟಾಪು, ಬೇಗ ಒಣಗುವ ಬಣ್ಣ ಎರಡೂ ಕೈಗೆ ಬಂದ ಮೇಲೆ ಟಾಪಿಗೊಂದು, ಮೈಗೊಂದು ಬಣ್ಣ ಹೊಡೆಯುವುದು ಸಲೀಸಾಯಿತು. 1950ರ ದಶಕದಲ್ಲಿ ಅದು ಜಗತ್ತಿನ ಶೋಕಿಯಾಯಿತು. ದೇಶದ ರಸ್ತೆಗಳನ್ನು ಮುಂದೆ ದಶಕಗಳ ಕಾಲ ಆಳಿದ ಅಂಬಾಸಿಡರ್, ಫಿಯೆಟ್‌ಗಳ ಕಾಲ ಶುರುವಾದದ್ದೂ ಹೆಚ್ಚುಕಡಿಮೆ ಆಗಲೇ.

ಕೊಪ್ಪಳ ಸೀಮೆಯ ಹಳೆಯ ಕಾರಿಗೆ ತಿಳಿಬಣ್ಣದ ಟಾಪೇ ಸರಿ ಎನ್ನಲು ಮೊದಲ ಕಾರಣ ಬಿಸಿಲು. ಕೊಪ್ಪಳ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಏಪ್ರಿಲ್ ಕೊನೆ, ಮೇ ಮೊದಲ ದಿನಗಳಲ್ಲಿ, ಅಂದರೆ ಬೇಸಿಗೆಯ ಉರಿ ಏರಿದಾಗಲೇ, ಮಧ್ಯಾಹ್ನದ ಸೂರ್ಯ ನೆತ್ತಿಗೆ ಬರುತ್ತಾನೆ. ಬಾಗಿಲುಗಳಿಗಿಂತ ಟಾಪೇ ಹೆಚ್ಚು ಕಾಯುತ್ತದೆ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಒಂದೇ ಮಾದರಿಯ ಕಪ್ಪು ಕಾರು, ಬೆಳ್ಳಿಬಣ್ಣದ ಕಾರುಗಳನ್ನು ಬಿಸಿಲಲ್ಲಿ ನಿಲ್ಲಿಸಿ ನೋಡಿದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಬೆಳ್ಳಿ ಕಾರಿನ ಟಾಪು 25 ಡಿಗ್ರಿ ಸೆಲ್ಸಿಯಸ್‌ವರೆಗೂ ತಂಪಾಗಿತ್ತು, ಒಳಗಿನ ಗಾಳಿ 5ರಿಂದ 6 ಡಿಗ್ರಿ ಕಡಿಮೆಯಿತ್ತು. ಅದು ಇಡೀ ಕಾರಿನ ಲೆಕ್ಕ, ಟಾಪೊಂದರದ್ದಲ್ಲ ಎಂಬ ತಕರಾರು ನ್ಯಾಯವಾದದ್ದೇ; ಟಾಪು ಮಾತ್ರ ಬೆಳ್ಳಗಾದರೆ ಒಳಗೆ ಅಷ್ಟೂ ಲಾಭ ಸಿಗದು. ಆದರೆ ಏಸಿ ಇಲ್ಲದ ಹಳೆಯ ಗಾಡಿಗೆ ಅದರಲ್ಲಿ ಅರ್ಧ ಸಿಕ್ಕರೂ ಸಣ್ಣದಲ್ಲ.

ಮೂಲ ಬಣ್ಣ ಬಿಡಬಾರದು ಎಂಬ ವಾದ ಇನ್ನೂ ಗಟ್ಟಿಯಾದದ್ದು. 50 ವರ್ಷ ದಾಟಿದ ವಾಹನಗಳಿಗೆ ‘ವಿಎ’ ಸರಣಿಯ ನೋಂದಣಿ ಕೊಡುವ 2021ರ ಕೇಂದ್ರ ನಿಯಮವೂ ಮೂಲ ರೂಪ ಉಳಿದಿರಬೇಕೆನ್ನುತ್ತದೆ. ಕಾರ್ಖಾನೆಯಿಂದಲೇ ಕಪ್ಪಾಗಿ ಬಂದ ಗಾಡಿಯನ್ನು ಪ್ರದರ್ಶನಕ್ಕೆಂದು ಜೋಪಾನ ಮಾಡುವವರು ಕಪ್ಪನ್ನೇ ಉಳಿಸಲಿ, ನೆರಳಲ್ಲಿ ನಿಲ್ಲಿಸಲಿ. ಆದರೆ ಹಳೆಯ ಕಾರುಗಳಲ್ಲಿ ಎಷ್ಟೋ ಈಗಾಗಲೇ ಮೂರು ನಾಲ್ಕು ಸಲ ಬಣ್ಣ ಕಂಡಿರುತ್ತವೆ. ಅಂಥ ಗಾಡಿಗೆ ಅದರ ಕಾಲದ ಬಿಳಿ ಅಥವಾ ಕೆನೆಬಣ್ಣದ ಟಾಪು ಅಪಚಾರವಲ್ಲ. ಬದಲಾದ ಬಣ್ಣ ಆರ್‌ಸಿಯಲ್ಲಿ ದಾಖಲಾದರಾಯಿತು. ಎರಡು ಬಣ್ಣ ಬೇರ್ಪಡುವ ಗೆರೆಯನ್ನು ಟಾಪಿನ ಅಂಚಿನ ಮಳೆನೀರಿನ ಗಟಾರದಲ್ಲೇ ಮುಗಿಸಿದರೆ ಟೇಪಿನ ಗುರುತು ಕಾಣದು. ತುಕ್ಕು ಮೊದಲು ಹತ್ತುವುದೂ ಅಲ್ಲೇ. ಹಳೆಯ ಪುಟ್ಟಿಯನ್ನು ಕೆರೆದು, ಉಕ್ಕು ಕಂಡ ಮೇಲೇ ಪ್ರೈಮರ್ ಹೊಡೆಯಬೇಕು.

ಹೊಳಪಿನ ವಿಷಯದಲ್ಲಿ ಮೆಟಾಲಿಕ್ ಬೇಡವೆನ್ನುವುದೇ ಸರಿ. ಅದರ ಮೇಲಿನ ಕ್ಲಿಯರ್ ಕೋಟು ಬಿಸಿಲಿಗೆ ಮೊದಲು ಸಿಪ್ಪೆ ಏಳುವ ಜಾಗಗಳಲ್ಲಿ ಟಾಪು ಒಂದು. ಆಮೇಲೆ ಎಷ್ಟು ಪಾಲಿಶ್ ಹಾಕಿದರೂ ನಿಲ್ಲದು. ಡ್ಯೂಕೊದಂಥ ಹಳೆಯ ಎನ್‌ಸಿ ಲ್ಯಾಕರ್ ಚೆಂದ, ಆದರೆ ತೆಳು. ವರ್ಷ ಕಳೆದಂತೆ ಬಿರುಕು ಬಿಡುತ್ತದೆ. ಗಟ್ಟಿಕಾರಕ ಬೆರೆಸಿ ಹೊಡೆಯುವ ಪಿಯು ಪೇಂಟನ್ನು ಕ್ಲಿಯರ್ ಇಲ್ಲದೆ, ಸಾದಾ ಬಣ್ಣದಲ್ಲಿ ಹೊಡೆದರೆ ನೋಟ ಹಳೆಯದು, ಬಾಳಿಕೆ ಹೊಸದು. ಮ್ಯಾಟ್ ಹೊಡೆದರೆ ಉಜ್ಜಿ ಹೊಳಪು ತರುವ ದಾರಿಯೇ ಇಲ್ಲ. ಇನ್ನು ಗಂಗಾವತಿಯ ಭತ್ತದ ಸುಗ್ಗಿಯ ದೂಳು, ಗಿಣಿಗೇರಿ ಸುತ್ತಿನ ಕಾರ್ಖಾನೆಗಳ ಕಪ್ಪು ಬೂದಿ ಬಿಳಿಯ ಮೇಲೆ ಎದ್ದು ಕಾಣುತ್ತವಲ್ಲ ಎಂದರೆ, ನಿಜ. ಆದರೆ ಬೂದಿಯಲ್ಲಿನ ಕಬ್ಬಿಣದ ಕಣ ಕಪ್ಪು ಟಾಪಿನ ಮೇಲೂ ಕೂರುತ್ತದೆ, ಇಬ್ಬನಿ ಬಿದ್ದಾಗ ಅಲ್ಲೂ ತುಕ್ಕು ಹಿಡಿಯುತ್ತದೆ. ಬಿಳಿಯ ಮೇಲಾದರೆ ಕಂದು ಚುಕ್ಕೆ ಎದ್ದಾಗಲೇ ತೊಳೆದು ತೆಗೆಯಬಹುದು.