ಕೋಬುರ್ಗ್ ನಗರದ ಲಾಂಛನ

ಜರ್ಮನಿಯ ಬವೇರಿಯ ರಾಜ್ಯದ ಉತ್ತರದಂಚಿನ ಊರು ಕೋಬುರ್ಗ್. ಅದರ ಲಾಂಛನ ಹೊನ್ನಿನ ಬಣ್ಣದ ಗುರಾಣಿ. ಅದರ ಮೇಲೆ ಪಕ್ಕದಿಂದ ಕಂಡಂತೆ ಬಿಡಿಸಿದ, ಕಪ್ಪು ಬಣ್ಣದ ಆಫ್ರಿಕನ್ನನ ತಲೆ. ಗುಂಗುರುಗೂದಲು, ಕೆಂಪು ತುಟಿ, ಕಿವಿಯಲ್ಲಿ ಚಿನ್ನದ ಉಂಗುರ. ಊರಿನ ಬೀದಿಗಳ ಮ್ಯಾನ್‌ಹೋಲ್ ಮುಚ್ಚಳಗಳ ಮೇಲೂ ಈ ಮುಖ ಎರಕಗೊಂಡಿದೆ. ಜನ ಇದನ್ನು 'ಮೋರ್' ಎನ್ನುತ್ತಾರೆ. ಕಪ್ಪು ಜನರಿಗೆ ಹಿಂದೆ ಜರ್ಮನ್ನರು ಬಳಸುತ್ತಿದ್ದ ಪದವದು.

ಈ ಮುಖ ನಗರದ ಪೋಷಕ ಸಂತ ಮಾರಿಸನದು. ಐತಿಹ್ಯದಂತೆ ಈತ ಈಜಿಪ್ಟಿನ ಥೀಬ್ಸ್ ಕಡೆಯ ರೋಮನ್ ಸೇನಾನಿ. ಕ್ರೈಸ್ತಧರ್ಮ ಬಿಡಲೊಪ್ಪದೆ, ಮೂರನೆಯ ಶತಮಾನದ ಕೊನೆಯಲ್ಲಿ, ಇಂದಿನ ಸ್ವಿಟ್ಜರ್ಲೆಂಡಿನ ನೆಲದಲ್ಲಿ ತನ್ನ ಪಡೆಯೊಂದಿಗೆ ಪ್ರಾಣಕೊಟ್ಟವನು. ಮಾರಿಸನ ಲ್ಯಾಟಿನ್ ಹೆಸರು ಮೌರಿಟಿಯಸ್. ಅದರೊಳಗೆ ಉತ್ತರ ಆಫ್ರಿಕದವನನ್ನು ಸೂಚಿಸುವ 'ಮೌರಸ್' ಅಡಗಿದೆ. ಆದರೂ ಯುರೋಪಿನ ಕಲೆ ಅವನನ್ನು ಬಹುಕಾಲ ಬಿಳಿಯನಾಗಿಯೇ ತೋರಿಸಿತು. ಸುಮಾರು 1240ರ ಹೊತ್ತಿಗೆ ಜರ್ಮನಿಯದೇ ಆದ ಮಾಗ್ಡೆಬುರ್ಗ್ ನಗರದ ಕೆಥೆಡ್ರಲ್‌ನ ಶಿಲ್ಪಿಯೊಬ್ಬ ಆ ರೂಢಿ ಮುರಿದ. ಲೋಹದ ಕೊಂಡಿಗಳ ಕವಚದ ನಡುವೆ ಅವನು ಕಡೆದ ಕಪ್ಪು ಮುಖದಲ್ಲಿ ಅಣಕದ ಸೋಂಕಿಲ್ಲ. ಘನತೆಯುಳ್ಳ ಯೋಧನೊಬ್ಬ ಎದುರು ನಿಂತಂತಿದೆ.

ಕೋಬುರ್ಗಿನಲ್ಲಿ ಈ ತಲೆ 15ನೆಯ ಶತಮಾನ ಮುಗಿಯುವ ಹೊತ್ತಿಗೆ ನಗರದ ಗುರುತಾಗಿತ್ತು. ಮುಂದೆ ಊರು ಕ್ರೈಸ್ತ ಧರ್ಮಸುಧಾರಕ ಲೂಥರನ ಪಂಥ ಹಿಡಿಯಿತು. 1530ರಲ್ಲಿ ಲೂಥರ್ ಸುಮಾರು ಆರು ತಿಂಗಳು ಇಲ್ಲಿನ ಬೆಟ್ಟದ ಕೋಟೆಯಲ್ಲಿದ್ದ. ಮಾರಿಸನ ಹೆಸರಿನ ಚರ್ಚಿನಲ್ಲೇ ಪ್ರವಚನ ಕೊಟ್ಟ. ಸಂತರ ಆರಾಧನೆ ನಿಂತಿತು, ಆದರೆ ಚರ್ಚಿನ ಹೆಸರೂ ಗುರಾಣಿಯ ಮುಖವೂ ಉಳಿದವು.

ಮುಖವನ್ನು ಅಳಿಸಿದವರು ನಾಜಿಗಳು. 1929ರ ನಗರಸಭೆ ಚುನಾವಣೆಯಲ್ಲಿ ಆ ಪಕ್ಷಕ್ಕೆ ಪೂರ್ಣ ಬಹುಮತ ಕೊಟ್ಟ ಮೊದಲ ಜರ್ಮನ್ ನಗರ ಕೋಬುರ್ಗೇ. ಜನಾಂಗಶುದ್ಧಿಯ ಮಾತಾಡುತ್ತಿದ್ದವರಿಗೆ ಆಫ್ರಿಕನ್ನನೊಬ್ಬ ತಮ್ಮೂರಿನ ಗುರುತಾಗಿರುವುದು ಸಹ್ಯವಾಗಲಿಲ್ಲ. 1934ರಲ್ಲಿ ಮಾರಿಸ್ ಹೋದ. ಅವನ ಜಾಗಕ್ಕೆ ಹಿಡಿಯ ತುದಿಯಲ್ಲಿ ಸ್ವಸ್ತಿಕವಿದ್ದ ಕತ್ತಿ ಬಂತು. 1945ರಲ್ಲಿ ನಾಜಿ ಆಡಳಿತ ಬಿದ್ದಮೇಲೆ ಹಳೆಯ ಲಾಂಛನ ಮರಳಿತು.

2020ರಲ್ಲಿ ವರ್ಣಭೇದದ ವಿರುದ್ಧ ಜಗತ್ತಿನಾದ್ಯಂತ ಪ್ರತಿಭಟನೆಗಳು ನಡೆದಾಗ ಲಾಂಛನ ಬದಲಿಸಬೇಕೆಂಬ ಮನವಿಯೊಂದು ಎದ್ದಿತು. ಉಳಿಸಬೇಕೆನ್ನುವವರೂ ಸಹಿ ಸಂಗ್ರಹಿಸಿದರು. ಉಳಿಸಬೇಕೆನ್ನುವವರ ವಾದ ಸಂತನ ಗೌರವದ್ದು, ಬೇಡವೆನ್ನುವವರ ನೋವು ಚಿತ್ರ ಬಿಡಿಸಿದ ರೀತಿಯದ್ದು. ಎರಡರಲ್ಲೂ ಸತ್ಯವಿದೆ. ಮಾಗ್ಡೆಬುರ್ಗಿನ ಕಲ್ಲಿನಲ್ಲಿ ಮಾರಿಸ್ ಒಬ್ಬ ವ್ಯಕ್ತಿ; ಗುರಾಣಿಯ ಮೇಲಿನ ದಪ್ಪ ತುಟಿ, ಕಿವಿಯುಂಗುರಗಳಲ್ಲಿ ಮಾತ್ರ ಯುರೋಪು ಕಪ್ಪು ಜನರ ಬಗ್ಗೆ ಕಟ್ಟಿಕೊಂಡ ಸಿದ್ಧಚಿತ್ರವೇ ಕಾಣುತ್ತದೆ.