ದೋಷಮಿತಿ (ಗೇರುಬೀಜ ವ್ಯಾಪಾರದಲ್ಲಿ)

ಸರಕಿನಲ್ಲಿ ಎಷ್ಟು ದೋಷವಿದ್ದರೆ ಒಪ್ಪಿಕೊಳ್ಳಬೇಕು, ಎಷ್ಟಾದರೆ ಬೆಲೆ ಇಳಿಸಬೇಕು, ಎಲ್ಲಿಗೆ ಮುಟ್ಟಿದರೆ ಸರಕನ್ನೇ ತಿರಸ್ಕರಿಸಬೇಕು ಎಂದು ಮಾರುವವರೂ ಕೊಳ್ಳುವವರೂ ಮೊದಲೇ ಗೊತ್ತುಮಾಡಿಕೊಂಡ ಗಡಿಗೆ ದೋಷಮಿತಿ ಎಂದು ಹೆಸರು. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಗೇರುಬೀಜ ಕಾರ್ಖಾನೆಗಳಿಗೆ ಈ ಗಡಿ ಎರಡು ಸಲ ಎದುರಾಗುತ್ತದೆ. ಆಫ್ರಿಕಾದ ಕಚ್ಚಾ ಬೀಜ ಕೊಳ್ಳುವಾಗ ಅವರು ಪರೀಕ್ಷಿಸುವವರು. ತಿರುಳನ್ನು ಹೊರದೇಶಕ್ಕೆ ಕಳಿಸುವಾಗ ಪರೀಕ್ಷೆಗೆ ಒಳಗಾಗುವವರು.

ಗೇರುಮರವನ್ನು ಪಶ್ಚಿಮ ಕರಾವಳಿಗೆ 16ನೆಯ ಶತಮಾನದಲ್ಲಿ ತಂದವರು ಪೋರ್ಚುಗೀಸರು. ಮುರಕಲ್ಲಿನ ಗುಡ್ಡಗಳಲ್ಲಿ ಅದು ಸಲೀಸಾಗಿ ಬೆಳೆಯಿತು. ಪುತ್ತೂರಿನಲ್ಲಿ 1986ರಲ್ಲಿ ಆರಂಭವಾದ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ (ಈಗಿನ ಗೇರು ಸಂಶೋಧನಾ ನಿರ್ದೇಶನಾಲಯ) ಹೊಸ ತಳಿಗಳನ್ನು ಕೊಟ್ಟಿದೆ. ಆದರೂ ಊರಿನ ಬೆಳೆ ಬೇಸಗೆಯ ಕೆಲವೇ ತಿಂಗಳು ಬರುವಂಥದ್ದು; ವರ್ಷವಿಡೀ ಕಾರ್ಖಾನೆ ನಡೆಸಲು ಅದು ಸಾಲದು. ಐವರಿ ಕೋಸ್ಟ್, ಬೆನಿನ್, ಗಿನಿ ಬಿಸ್ಸಾವ್, ತಾಂಜಾನಿಯಾಗಳ ಬೀಜ ಹಡಗೇರಿ ಬರುವುದು ಈ ಕೊರತೆ ತುಂಬಲು. 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದ ನವಮಂಗಳೂರು ಬಂದರು ಈ ಕಾರ್ಖಾನೆಗಳಿಗೆ ಹತ್ತಿರದ ಹೆಬ್ಬಾಗಿಲು.

ಕಚ್ಚಾ ಬೀಜವನ್ನು ಹೊರಗಿನಿಂದ ನೋಡಿ ಬೆಲೆ ಕಟ್ಟಲಾಗದು. ಚಿಪ್ಪು ಹೊಳೆಯುತ್ತಿದ್ದರೂ ಒಳಗೆ ಜೊಳ್ಳಿರಬಹುದು. ಆದ್ದರಿಂದ ಈ ವ್ಯಾಪಾರ ಪೂರ್ತಿಯಾಗಿ ನಿಂತಿರುವುದು ಕಟಿಂಗ್ ಪರೀಕ್ಷೆಯ ಮೇಲೆ. ಹಲವು ಗೋಣಿಗಳಿಂದ ಬೀಜ ತೆಗೆದು ಒಟ್ಟು ಬೆರೆಸಿ, ರಾಶಿಯನ್ನು ನಾಲ್ಕು ಪಾಲು ಮಾಡುತ್ತ ಕೊನೆಗೆ 1 ಕಿಲೋ ಉಳಿಸಿಕೊಳ್ಳುತ್ತಾರೆ. ಮೊದಲು ಅದರಲ್ಲಿರುವ ಬೀಜಗಳನ್ನು ಎಣಿಸುತ್ತಾರೆ. ಎಣಿಕೆ ಹೆಚ್ಚಿದಷ್ಟೂ ಬೀಜ ಸಣ್ಣದು. ಆಮೇಲೆ ಒಂದೊಂದನ್ನೂ ಉದ್ದಕ್ಕೆ ಸೀಳಿ ತಿರುಳನ್ನು ಬೇರ್ಪಡಿಸುತ್ತಾರೆ. ಒಳ್ಳೆಯ ತಿರುಳಿಗೆ ಪೂರ್ತಿ ತೂಕ, ಎಳತು ಮತ್ತು ಚುಕ್ಕೆ ಬಿದ್ದದ್ದಕ್ಕೆ ಅರ್ಧ ತೂಕ; ಬೂಷ್ಟು ಹಿಡಿದದ್ದು, ಹುಳು ತಿಂದದ್ದು, ಜೊಳ್ಳು ಲೆಕ್ಕಕ್ಕೇ ಇಲ್ಲ. ಬಂದ ಮೊತ್ತವನ್ನು 80 ಕಿಲೋ ಗೋಣಿಗೆ ಇಷ್ಟು ಪೌಂಡ್ ಎಂದು ಹೇಳುವುದು ರೂಢಿ. ಇದೇ ಔಟ್‌ಟರ್ನ್. ಕಿಲೋ ಬೀಜದಲ್ಲಿ 270 ಗ್ರಾಂ ತಿರುಳು ಸಿಕ್ಕರೆ ಔಟ್‌ಟರ್ನ್ 47.6 ಪೌಂಡ್.

ಕರಾರಿನಲ್ಲಿ ಎರಡು ಅಂಕಿಗಳಿರುತ್ತವೆ. ಒಂದು ಬೆಲೆ ನಿಂತಿರುವ ಔಟ್‌ಟರ್ನ್, ಇನ್ನೊಂದು ತಿರಸ್ಕಾರದ ಔಟ್‌ಟರ್ನ್. ಉದಾಹರಣೆಗೆ 47 ಮತ್ತು 45. ಇವೆರಡರ ನಡುವೆ ಬಂದ ಸರಕನ್ನು ಕೊಳ್ಳಬೇಕು, ಕಡಿಮೆಯಾದಷ್ಟಕ್ಕೆ ಬೆಲೆ ಇಳಿಯುತ್ತದೆ. ಕೆಳಗಿನ ಗಡಿಗಿಂತ ಇಳಿದರೆ ಬೇಡವೆನ್ನುವ ಹಕ್ಕು ಕೊಳ್ಳುವವರಿಗಿದೆ. ಬೀಜದ ಎಣಿಕೆಗೂ ತೇವಾಂಶಕ್ಕೂ ಇಂಥದೇ ಮಿತಿಗಳುಂಟು, ತೇವಾಂಶ ಶೇ. 10 ದಾಟಬಾರದೆಂಬುದು ಸಾಮಾನ್ಯ ಕರಾರು. ಒಂದೇ ಒಂದು ಪೌಂಡ್ ವ್ಯತ್ಯಾಸವೂ ಕ್ಷುಲ್ಲಕವಲ್ಲ: 200 ಗೋಣಿಗಳ ಸರಕಿನಲ್ಲಿ ಅದು 200 ಪೌಂಡ್, ಅಂದರೆ ಸುಮಾರು 90 ಕಿಲೋ ತಿರುಳು.

ತಕರಾರು ಹುಟ್ಟುವುದು ಅಂಕಿಯ ಬಗ್ಗೆ ಅಲ್ಲ, ಅದನ್ನು ಎಲ್ಲಿ ಅಳೆದರು ಎಂಬುದರ ಬಗ್ಗೆ. ಹಡಗೇರುವಾಗ ಚೆನ್ನಾಗಿದ್ದ ಬೀಜ ವಾರಗಟ್ಟಲೆ ಕಂಟೇನರಿನ ಸೆಕೆಯಲ್ಲಿ ಬೆವರಿ, ಇಳಿಯುವಾಗ ಬೂಷ್ಟು ಹಿಡಿದಿರುತ್ತದೆ. ಲೋಡಿಂಗ್ ಬಂದರಿನ ವರದಿಯೇ ಅಂತಿಮ ಎಂದು ಬರೆದುಕೊಂಡಿದ್ದರೆ ಆ ನಷ್ಟವೆಲ್ಲ ಕಾರ್ಖಾನೆಯದು. ಯಾವ ಬಂದರಿನಲ್ಲಿ, ಎಷ್ಟು ಗೋಣಿಗಳಿಂದ, ಯಾರ ಎದುರಿನಲ್ಲಿ ಮಾದರಿ ತೆಗೆಯಬೇಕು ಎಂಬುದು ಕರಾರಿನಲ್ಲಿ ಇಲ್ಲದಿದ್ದರೆ ದೋಷಮಿತಿಗೆ ಬೆಲೆಯೇ ಇಲ್ಲ. ಸಣ್ಣ ಕಾರ್ಖಾನೆಗಳು ಪೆಟ್ಟು ತಿನ್ನುವುದು ಇಲ್ಲಿಯೇ. ಪೆಟ್ಟು ಮಾಲೀಕರಲ್ಲಿಗೆ ನಿಲ್ಲುವುದೂ ಇಲ್ಲ. ಕರಾವಳಿಯ ಕಾರ್ಖಾನೆಗಳಲ್ಲಿ ಒಳಸಿಪ್ಪೆ ಸುಲಿಯುವವರು ಬಹುಪಾಲು ಹೆಂಗಸರು. ಕೂಲಿ ತೂಕದ ಲೆಕ್ಕದಲ್ಲಿರುವ ಕಡೆ, ಸುಲಿಯಲು ಬಾರದ, ಮುಟ್ಟಿದರೆ ತುಂಡಾಗುವ ಕೆಟ್ಟ ಬೀಜ ಅವರ ದಿನದ ಸಂಪಾದನೆಯನ್ನೇ ತಗ್ಗಿಸುತ್ತದೆ.

ಕಾರ್ಖಾನೆಯಲ್ಲಿ ತಯಾರಾದ ಬಿಡಿಬಿಡಿ ಸಾಮಾನುಗಳಿಗೆ, ಅಂದರೆ ಬಟ್ಟೆ, ಆಟಿಕೆ, ಯಂತ್ರದ ಬಿಡಿಭಾಗಗಳಿಗೆ, ಜಗತ್ತಿನಾದ್ಯಂತ ಬೇರೊಂದು ಪದ್ಧತಿಯಿದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹೆರಾಲ್ಡ್ ಡಾಡ್ಜ್ ಮತ್ತು ಹ್ಯಾರಿ ರೋಮಿಗ್ ಮಾದರಿ ತಪಾಸಣೆಗೆ ಗಣಿತದ ತಳಹದಿ ಹಾಕಿದರು. ಅಮೆರಿಕದ ಸೇನೆ 1950ರಲ್ಲಿ ಹೊರತಂದ ಕೋಷ್ಟಕಗಳ ಜಾಡಿನಲ್ಲೇ ಇಂದಿನ ಐಎಸ್ಓ 2859 ಹಾಗೂ ಭಾರತದ ಐಎಸ್ 2500 ಬಂದಿವೆ. ದೋಷಗಳನ್ನು ಅಪಾಯಕಾರಿ, ದೊಡ್ಡ, ಸಣ್ಣ ಎಂದು ವಿಂಗಡಿಸಿ ಕ್ರಮವಾಗಿ 0, 2.5, 4.0 ಎಂಬ ಮಿತಿ ಇಡುವುದು ಆಮದುದಾರರ ರೂಢಿ. 3,201ರಿಂದ 10,000 ಸಾಮಾನುಗಳ ಸರಕಿನಲ್ಲಿ, ಸಾಮಾನ್ಯ ತಪಾಸಣೆಯಾದರೆ, 200 ತೆಗೆದು ನೋಡುತ್ತಾರೆ, ಮಿತಿ 2.5 ಇರುವಾಗ 10 ದೋಷದವರೆಗೆ ಒಪ್ಪಿಗೆ, 11 ಸಿಕ್ಕರೆ ತಿರಸ್ಕಾರ. ಇದನ್ನು ಶೇ. 2.5ಕ್ಕಿಂತ ಹೆಚ್ಚು ದೋಷ ಬಾರದೆಂಬ ಖಾತರಿಯೆಂದು ತಿಳಿಯುವುದು ತಪ್ಪು. ಶೇ. 5ರಷ್ಟು ದೋಷವಿರುವ ಸರಕೂ ಈ ತಪಾಸಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ಪಾಸಾಗುತ್ತದೆ. ಶೇ. 8ಕ್ಕೆ ಏರಿದಾಗ ಮಾತ್ರ ಹತ್ತರಲ್ಲಿ ಒಂಬತ್ತು ಸಲಕ್ಕಿಂತ ಹೆಚ್ಚು ಸಿಕ್ಕಿಬೀಳುತ್ತದೆ.

ತಿರುಳಿನ ಕಡೆಗೆ ಬಂದರೆ, ಅಲ್ಲಿ ಎಣಿಕೆಯ ಜೊತೆಗೆ ತೂಕದ ಲೆಕ್ಕವೂ ಇದೆ. ಡಬ್ಲ್ಯೂ 240, ಡಬ್ಲ್ಯೂ 320 ಎಂಬ ಗ್ರೇಡುಗಳಲ್ಲಿನ ಸಂಖ್ಯೆ ಒಂದು ಪೌಂಡಿಗೆ ಬರುವ ಇಡೀ ತಿರುಳುಗಳ ಗರಿಷ್ಠ ಎಣಿಕೆ. ಡಬ್ಲ್ಯೂ 320ರಲ್ಲಿ 300ರಿಂದ 320 ಇರಬೇಕು. ಭಾರತದ ರಫ್ತು ಮಾನದಂಡದ ಪ್ರಕಾರ ಒಡೆದ ಚೂರುಗಳೂ ಒಂದು ಗ್ರೇಡ್ ಕೆಳಗಿನ ತಿರುಳೂ ಸೇರಿ ಪ್ಯಾಕಿಂಗ್ ವೇಳೆಗೆ ಶೇ. 5 ಮೀರಬಾರದು, ತೇವಾಂಶವೂ ಶೇ. 5 ದಾಟಬಾರದು. ಹುಳು, ಬೂಷ್ಟು, ಕಮಟು, ಅಂಟಿಕೊಂಡ ಒಳಸಿಪ್ಪೆ ಇವು ಇರಲೇಬಾರದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ದೋಷಪಟ್ಟಿ, ಕೆಟ್ಟ ತಿರುಳು ಶೇ. 5 ಮುಟ್ಟಿದಾಗ ಕ್ರಮಕ್ಕೆ ಅವಕಾಶ ಕೊಡುತ್ತದೆ. ಯೂರೋಪಿನ ಒಕ್ಕೂಟ ಕಣ್ಣಿಗೆ ಕಾಣದ ದೋಷವನ್ನೂ ಅಳೆಯುತ್ತದೆ: ನೇರವಾಗಿ ತಿನ್ನುವ ಗೋಡಂಬಿಯಲ್ಲಿ ಅಫ್ಲಾಟಾಕ್ಸಿನ್ ಬಿ1 ಕಿಲೋಗೆ 2 ಮೈಕ್ರೋಗ್ರಾಂ, ಒಟ್ಟು ಅಫ್ಲಾಟಾಕ್ಸಿನ್ 4 ಮೈಕ್ರೋಗ್ರಾಂ ಮೀರುವಂತಿಲ್ಲ. ಈ ವಿಷದ ಮೂಲ ಬೂಷ್ಟು. ಹಾಗಾಗಿ ಕಚ್ಚಾ ಬೀಜದ ತೇವಾಂಶದಲ್ಲಿ ತೋರಿದ ಸಡಿಲ ಕೊನೆಗೆ ಪ್ಯಾಕ್ ಮಾಡಿದ ಸರಕನ್ನೇ ಕಾಡುತ್ತದೆ.

ಹೊರದೇಶದಲ್ಲಿ ತಯಾರಾದ ತಿರುಳು ಭಾರತಕ್ಕೆ ಬರುವುದನ್ನು ತಡೆಯಲು ಕೇಂದ್ರ ಸರ್ಕಾರ 2019ರ ಜೂನ್‌ನಲ್ಲಿ ಹಿಡಿದ ದಾರಿ ಬೇರೆ. ಕಿಲೋಗೆ 680 ರೂಪಾಯಿಗಿಂತ ಕಡಿಮೆ ಬೆಲೆಯ ಒಡೆದ ತಿರುಳು ಮತ್ತು 720 ರೂಪಾಯಿಗಿಂತ ಕಡಿಮೆ ಬೆಲೆಯ ಇಡೀ ತಿರುಳಿನ ಆಮದನ್ನು ಅದು ನಿಷೇಧಿಸಿತು. ಇಲ್ಲಿನ ಕಾರ್ಖಾನೆಗಳಿಗೂ ಕೆಲಸಗಾರರಿಗೂ ಈ ರಕ್ಷಣೆ ಬೇಕಾಗಿತ್ತು. ಆದರೆ ಇದು ಬೆಲೆಯ ಗಡಿ, ಗುಣದ ಗಡಿಯಲ್ಲ. ದುಬಾರಿ ಬೆಲೆ ನಮೂದಿಸಿ ಬರುವ ಕಳಪೆ ತಿರುಳನ್ನು ಅದು ಹಿಡಿಯಲಾರದು. ಆಮದಾದ ತಿರುಳಿನಲ್ಲಿ ಹುಳು, ಬೂಷ್ಟು, ವಿಷಾಂಶಗಳ ತಪಾಸಣೆ 2006ರ ಆಹಾರ ಸುರಕ್ಷತೆ ಮತ್ತು ಮಾನದಂಡ ಕಾಯ್ದೆಯ ವ್ಯಾಪ್ತಿಗೆ ಸೇರಿದೆ.